ಮಾಳಿಯ ತೊಂಬತ್ತನಾಲ್ಕು ಕಲ್ಲು

ಲೋಕ ಹೊಸದಾಗಿದ್ದಾಗ, ಹೊಳೆಗೆ ಇನ್ನೂ ಎರಡೇ ತಿರುವುಗಳಿದ್ದ ಕಾಲದಲ್ಲಿ ಇದು ನಡೆಯಿತು.

ಆಗ ಮನುಷ್ಯರ ಮಕ್ಕಳು ಹೊಟ್ಟೆಯಲ್ಲಿ ಮೂರು ಮಳೆಗಾಲ ಇರುತ್ತಿದ್ದರು. ಒಳಗೇ ಹಲ್ಲು ಬರುತ್ತಿತ್ತು. ಒಳಗೇ ಮಾತು ಬರುತ್ತಿತ್ತು. ಹೊರಗೆ ಬಂದವರು ಮೈ ಕೊಡವಿಕೊಂಡು ನಡೆದುಬಿಡುತ್ತಿದ್ದರು, ಜಿಂಕೆಮರಿಯ ಹಾಗೆ.

ಮಾಳಿಯೂ ಹಾಗೆಯೇ ಬಂದವಳು. ಬಂದ ದಿನವೇ "ತಿನ್ನಲು ಏನಿದೆ?" ಎಂದು ಕೇಳಿದಳು. ಅವ್ವ ಒಂದು ಸುಟ್ಟ ಗೆಣಸು ಕೊಟ್ಟಳು. ಮಾಳಿ ತಿಂದಳು. ಆರೈಕೆ ಅಷ್ಟಕ್ಕೇ ಮುಗಿಯಿತು. ಆ ಕಾಲದಲ್ಲಿ ಮಡಿಲು ಎಂಬುದನ್ನು ಯಾರೂ ಕಂಡಿರಲಿಲ್ಲ. ಕುಳಿತರೆ ತೊಡೆ ಇತ್ತು, ಎದ್ದರೆ ಅದೂ ಇರಲಿಲ್ಲ.

ಮಾಳಿ ಬಂದು ಐದು ವರ್ಷವಾಗಿತ್ತು. ಅಪ್ಪನದೊಂದು ಚೂರು, ಅವ್ವನದೊಂದು ಚೂರು ಸೇರಿ ಅವ್ವನ ಹೊಟ್ಟೆಯಲ್ಲಿ ಮತ್ತೊಂದು ಜೀವವಾಯಿತು. ಮೊದಲ ದಿನ ಅದು ಸಾಸಿವೆಗಿಂತ ಚಿಕ್ಕದು. ಒಂದು ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಎರಡನೇ ತಿಂಗಳಿಗೆ ಹುರುಳಿಕಾಳಿನಷ್ಟಾಗಿ ಅದರ ಎದೆ ಮಿಡಿಯಿತು. ನಾಲ್ಕನೇ ತಿಂಗಳಿಗೆ ಬೆರಳುಗಳು ಬಂದಿದ್ದವು. ಐದನೇ ತಿಂಗಳಿಗೆ ಒದೆಯಿತು.

ಒದ್ದಾಗ ಅವ್ವ ನಕ್ಕಳು.

ಮಾಳಿ ನೋಡುತ್ತಿದ್ದಳು. ತನ್ನನ್ನು ನೋಡಿ ಅವ್ವ ಹಾಗೆ ನಕ್ಕದ್ದು ಅವಳಿಗೆ ನೆನಪಿರಲಿಲ್ಲ.

"ಅವ್ವಾ, ನಾನೂ ಒದೆಯಲಾ?"

"ಒದ್ದು ನೋಡು, ಬೆನ್ನಿಗೆ ಬೀಳುತ್ತೆ."

ಮಾಳಿಗೆ ಹೊಟ್ಟೆಯುರಿಯಿತು.

ಆಮೇಲೆ ಅವ್ವನಿಗೆ ಬಯಕೆ ಹತ್ತಿತು. ಬಯಕೆ ಬಸುರಿಯದಲ್ಲ, ಒಳಗಿನ ಕೂಸಿನದು. ಅದು ಕೇಳಿದ್ದನ್ನು ಇಲ್ಲ ಎನ್ನಬಾರದು. ಲೋಕ ಹೊಸದಾಗಿದ್ದಾಗಲೂ ಈ ಒಂದು ಕಟ್ಟಳೆ ಇತ್ತು.

ಕೂಸು ನೆಲ್ಲಿಕಾಯಿ ಕೇಳಿತು. ಮಾಳಿ ಮರ ಹತ್ತಿ ತಂದಳು. ಕೂಸು ಹೊಸ ಮಳೆ ಬಿದ್ದ ಕೆಮ್ಮಣ್ಣು ಕೇಳಿತು. ಮಾಳಿ ಬೊಗಸೆಯಲ್ಲಿ ತಂದಳು. ಕೂಸು ಜೇನು ಕೇಳಿತು. ಅಪ್ಪ ತಂದ, ಆದರೆ ಜೇನುಹುಟ್ಟಿನ ಕೆಳಗೆ ಹೊಗೆ ಹಿಡಿದು ನಿಂತವಳು ಮಾಳಿ. ಮೂರು ಹುಳ ಕಚ್ಚಿದ್ದೂ ಅವಳಿಗೇ.

ಅವ್ವ ತಿಂದಳು. ತಿಂದು ಹೊಟ್ಟೆ ಸವರಿಕೊಂಡಳು. ಹೊಟ್ಟೆಗೆ ಹಾಡು ಹೇಳಿದಳು.

"ಹಣ್ಣು ತಂದವಳು ನಾನು, ಹಾಡು ಅದಕ್ಕಾ?" ಎಂದು ಮಾಳಿ ಗಾಳಿಯನ್ನು ಕೇಳಿದಳು.

"ಇನ್ನೂ ಎರಡು ಮಳೆಗಾಲ ಇದೆ ಕಣೇ. ತರುತ್ತಾ ಇರು," ಎಂದಿತು ಗಾಳಿ.

ಎರಡು ಮಳೆಗಾಲ! ಮಾಳಿಗೆ ಇನ್ನೂ ಹೊಟ್ಟೆಯುರಿಯಿತು.

ಒಂಬತ್ತನೇ ತಿಂಗಳು ತುಂಬಿದ ದಿನ ಕೂಸು ದೋರೆ ಹುಣಸೆ ಕೇಳಿತು. ಅತ್ತ ಕಾಯಿಯೂ ಅಲ್ಲ, ಇತ್ತ ಹಣ್ಣೂ ಅಲ್ಲ, ಅಂಥದ್ದು. ಅದಿರುವುದು ಹೊಳೆಯ ಆಚೆ ದಡದಲ್ಲಿ. ಮಾಳಿ ಈಜಿ ಹೋಗಿ, ಮೊಣಕಾಲು ತರಚಿಕೊಂಡು ಮರ ಹತ್ತಿ, ಒಂದು ಕಾಯನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗಿ ಈಜಿದಳು.

ಬರುವಷ್ಟರಲ್ಲಿ ಅವ್ವ ಬಂಡೆಯ ನೆರಳಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.

ಮಾಳಿ ಹೊಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಳು. ಹುಣಸೆಕಾಯನ್ನು ಲಟಕ್ಕನೆ ಮುರಿದಳು. ಹುಳಿ ವಾಸನೆ ಎದ್ದಿತು.

"ಏಯ್, ಕೇಳಿಸ್ತಾ?" ಎಂದು ಕೂಗಿದಳು. "ಹುಣಸೆ ಬಂದಿದೆ. ಬೇಕಾದರೆ ನೀನೇ ಹೊರಗೆ ಬಂದು ತಗೋ. ಇನ್ನು ಮೇಲೆ ನಾನು ಏನೂ ತಂದುಕೊಡಲ್ಲ."

ಬಯಕೆಯನ್ನು ಇಲ್ಲ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಹೊಳೆ ಒಂದು ಗಳಿಗೆ ನಿಂತಿತು. ಗಾಳಿಯೂ ನಿಂತಿತು.

ಕೂಸು ಹೊರಗೆ ಬಂದೇಬಿಟ್ಟಿತು.

ಗಂಡುಕೂಸು. ಕೆಂಪಗೆ, ಸುಕ್ಕುಸುಕ್ಕಾಗಿ, ಎರಡು ಬೊಗಸೆಯಷ್ಟಿತ್ತು. ಮಾಳಿ ಹುಣಸೆಯನ್ನು ಅದರ ಬಾಯಿಗಿಟ್ಟಳು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಎತ್ತಿ ನಿಲ್ಲಿಸಿದಳು. ಕಾಲು ಹಂಬಿನ ಹಾಗೆ ಬಳುಕಿದವು. ಕತ್ತು ಅತ್ತ ಬಿತ್ತು, ಇತ್ತ ಬಿತ್ತು. ನೆತ್ತಿಯ ಮೇಲೆ ಎಲುಬೇ ಇರಲಿಲ್ಲ. ಚರ್ಮದ ಕೆಳಗೆ ಏನೋ ಪುಕ್ ಪುಕ್ ಎಂದು ಮಿಡಿಯುತ್ತಿತ್ತು.

ನೀರಿಗೆ ಬಂದ ಜಿಂಕೆ ಇಣುಕಿ ನೋಡಿತು. "ಅಯ್ಯೋ, ಅರೆಬೆಂದದ್ದು! ನಮ್ಮ ಮರಿ ಬಿದ್ದ ಗಳಿಗೆಗೇ ಎದ್ದು ನಿಂತಿತಮ್ಮ. ಇದು ಉಳಿಯುವುದು ಕಷ್ಟ."

ಮಾಳಿ ಹುಣಸೆಯನ್ನು ಕೂಸಿನ ಬಾಯಿಯಿಂದ ತೆಗೆದಳು.

ಅವ್ವ ಕೂಸನ್ನು ಎತ್ತಿಕೊಂಡಳು. ನೆಲಕ್ಕೆ ಇಟ್ಟರೆ ಅದು ನಡುಗಿತು, ಬಂಡೆಗೆ ಇಟ್ಟರೆ ಉರುಳಿತು. ಇಡಲು ಜಾಗವೇ ಇರಲಿಲ್ಲ. ಕೊನೆಗೆ ಅವ್ವ ಚಕ್ಕಳಮಕ್ಕಳ ಹಾಕಿ ಕುಳಿತು, ಸೀರೆಯಂತೆ ಸುತ್ತಿದ್ದ ನಾರುಬಟ್ಟೆಯನ್ನು ಎರಡು ತೊಡೆಯ ನಡುವೆ ತಗ್ಗಾಗಿ ಬಿಟ್ಟು, ಅದರಲ್ಲಿ ಕೂಸನ್ನು ಮಲಗಿಸಿದಳು. ಕೂಸು ಅವ್ವನ ಎದೆ ಹುಡುಕಿತು. ಹಾಲು ಕುಡಿಯಿತು. ನಿದ್ದೆ ಮಾಡಿತು.

ಲೋಕದ ಮೊದಲ ಮಡಿಲು ಅದು.

"ಯಾಕೆ ಇಷ್ಟು ಬೇಗ ಬಂದನೋ ನನ್ನಪ್ಪ," ಎಂದಳು ಅವ್ವ. ಮಾಳಿ ಹುಣಸೆಕಾಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಆ ಜಾಗವನ್ನು ಅವಳು ನೋಡಿದಳು. ಅದು ಬೆಚ್ಚಗಿತ್ತು, ದುಂಡಗಿತ್ತು. ತಾನು ಹುಟ್ಟಿದಾಗ ಇದು ಎಲ್ಲಿತ್ತು? ತನಗೆ ಸಿಕ್ಕಿದ್ದು ಗೆಣಸು.

ಹೊಟ್ಟೆಯೊಳಗಿನ ತಮ್ಮನಿಗಿಂತ ಮಡಿಲಲ್ಲಿನ ತಮ್ಮ ನೂರು ಪಾಲು ಹೆಚ್ಚು ಉರಿಸಿದ. ಅವನಿಗೆ ಬೊಮ್ಮ ಎಂದು ಹೆಸರಿಟ್ಟರು.

ಮಾಳಿ ಹೊಳೆಯ ಹತ್ತಿರ ಓಡಿದಳು. "ಹೊಳೆಯವ್ವಾ, ಅವನನ್ನು ವಾಪಸ್ ಒಳಗೆ ಕಳಿಸು."

"ಬಂದದ್ದು ಒಳಗೆ ಹೋಗುವುದಿಲ್ಲ ಮಗಳೇ. ಒಳಗೆ ಉಳಿದ ಕೆಲಸ ಇನ್ನು ಹೊರಗೇ ಆಗಬೇಕು."

"ಎಷ್ಟು ಉಳಿದಿದೆ?"

"ಎಲುಬು ಎಣಿಸಿ ನೋಡು."

ಮಾಳಿ ತನ್ನ ಎಲುಬುಗಳನ್ನು ಬೆರಳಿನಿಂದ ಒತ್ತಿ ಎಣಿಸಿದಳು. ಒಂದಕ್ಕೆ ಒಂದು ಬೆಣಚುಕಲ್ಲು ಇಟ್ಟಳು. ಇನ್ನೂರ ಆರು. ಅವ್ವನದನ್ನು ಎಣಿಸಿದಳು. ಇನ್ನೂರ ಆರು. ಬೊಮ್ಮನದನ್ನು ಎಣಿಸಿದಳು. ಮೆತ್ತಗಿನ ತುಂಡುಗಳು, ಒಂದಕ್ಕೊಂದು ಅಂಟಿರಲಿಲ್ಲ. ಮುನ್ನೂರು. ಅನುಮಾನ ಬಂದು ಇನ್ನೊಮ್ಮೆ ಎಣಿಸಿದಳು. ಮುನ್ನೂರೇ.

ಹೆಚ್ಚಾದ ತೊಂಬತ್ತನಾಲ್ಕು ಕಲ್ಲನ್ನು ಒಂದು ಗುಂಡಿಯಲ್ಲಿ ಹಾಕಿದಳು. ಎರಡು ತುಂಡು ಸೇರಿ ಒಂದಾದ ದಿನ ಒಂದು ಕಲ್ಲು ಹೊಳೆಗೆ. ಗುಂಡಿ ಬರಿದಾದ ದಿನ ಬೊಮ್ಮ ಪೂರ್ತಿಯಾಗುತ್ತಾನೆ. ಅಂದು ಮಡಿಲು ತನ್ನದು.

ಮಾಳಿ ಕೆಲಸಕ್ಕೆ ನಿಂತಳು. ಹರಳೆಣ್ಣೆ ಕಾಸಿದಳು. ದಿನವೂ ತಮ್ಮನ ನೆತ್ತಿಗೆ ಎಣ್ಣೆ ಒತ್ತಿದಳು. ಕೈ ನೀವಿದಳು, ಕಾಲು ನೀವಿದಳು. "ಅಂಟು, ಬೇಗ ಅಂಟು," ಎಂದು ಹಲ್ಲು ಕಚ್ಚಿ ಹೇಳಿದಳು.

"ಅಬ್ಬಾ, ಎಂಥ ಅಕ್ಕ!" ಎಂದಿತು ಜಿಂಕೆ.

ಮಾಳಿ ಇನ್ನೊಂದು ಕೈ ಎಣ್ಣೆ ತೆಗೆದುಕೊಂಡಳು.

ಮೂರು ತಿಂಗಳಿಗೆ ಬೊಮ್ಮನ ಕತ್ತು ನಿಂತಿತು. ಆರು ತಿಂಗಳಿಗೆ ಕುಳಿತ. ಕೆಳದವಡೆಯಲ್ಲಿ ಅಕ್ಕಿಕಾಳಿನಂಥ ಹಲ್ಲು ಬಂತು. ವರ್ಷ ತುಂಬಿದಾಗ ಮಾಳಿಯ ಬೆರಳು ಹಿಡಿದು ನಿಂತ, ಎರಡು ಹೆಜ್ಜೆ ಇಟ್ಟ, ಬಿದ್ದ. ಬಿದ್ದವನು ಸೀದಾ ಮಡಿಲಿಗೇ ಹೋದ. ಒಂದೂವರೆ ವರ್ಷಕ್ಕೆ ನೆತ್ತಿ ಮುಚ್ಚಿತು. ಗುಂಡಿಯಲ್ಲಿ ಇನ್ನೂ ರಾಶಿ ಕಲ್ಲಿತ್ತು.

ಅಷ್ಟರಲ್ಲಿ ಗಾಳಿ ಸುಮ್ಮನಿರಲಿಲ್ಲ. ಊರೂರಿಗೆ ಹೋಗಿ ಬಸುರಿಯರ ಹೊಟ್ಟೆಯ ಹತ್ತಿರ ಪಿಸುಗುಟ್ಟಿತು. "ಹೊರಗೆ ಮಡಿಲು ಅಂತ ಒಂದು ಬಂದಿದೆ. ಬೊಮ್ಮ ಒಬ್ಬನೇ ಅದರಲ್ಲಿ ಮಲಗಿದ್ದಾನೆ."

ಒಳಗಿದ್ದ ಕೂಸುಗಳಿಗೆಲ್ಲ ಹೊಟ್ಟೆಯುರಿಯಿತು. ಮೂರು ಮಳೆಗಾಲ ಯಾರು ಕಾಯುತ್ತಾರೆ? ಒಂಬತ್ತು ತಿಂಗಳು ತುಂಬಿದ್ದೇ ಎಲ್ಲವೂ ಹೊರಗೆ ಬಂದವು.

ಬೊಮ್ಮನಿಗೆ ಆರು ವರ್ಷವಾಯಿತು. ಮಾಳಿ ಆಚೆ ದಡದಿಂದ ಒಂದು ದೋರೆ ಹುಣಸೆ ತಂದುಕೊಟ್ಟಳು. "ತಗೋ. ಆವತ್ತಿನ ಬಾಕಿ."

ಬೊಮ್ಮ ಕಚ್ಚಿದ. ಹುಳಿಗೆ ಹಲ್ಲು ಜುಮ್ಮೆಂದಿತು. ಮುಂದಿನ ಹಲ್ಲೊಂದು ಕಾಯಿಯಲ್ಲೇ ಉಳಿಯಿತು.

"ಅಕ್ಕಾ! ನನ್ನ ಹಲ್ಲು!"

"ಅದು ಅವಸರದಲ್ಲಿ ಬಂದ ಹಲ್ಲು. ಗಟ್ಟಿಯದು ಇನ್ನು ಬರುತ್ತೆ, ಬಾಯಿ ಮುಚ್ಚು."

ಹದಿನಾಲ್ಕಕ್ಕೆ ಅವನ ದನಿ ಒಡೆಯಿತು. ಮೂಗಿನ ಕೆಳಗೆ ಕಪ್ಪು ಮೂಡಿತು. ಹದಿನಾರಕ್ಕೆ ಮಾಳಿಗಿಂತ ಒಂದು ಗೇಣು ಎತ್ತರವಾದ. ಅದಕ್ಕೂ ಮಾಳಿಗೆ ಉರಿಯಿತು. ಒಂದು ಕಲ್ಲು, ಇನ್ನೊಂದು ಕಲ್ಲು, ಹೊಳೆಗೆ ಬೀಳುತ್ತಾ ಹೋದವು.

ಇಪ್ಪತ್ತೈದನೇ ವರ್ಷ ಕೊರಳ ಕೆಳಗಿನ ಕೊನೆಯ ತುಂಡು ಅಂಟಿತು. ಮಾಳಿ ತೊಂಬತ್ತನಾಲ್ಕನೇ ಕಲ್ಲನ್ನು ಎಸೆದು, ತಿರುಗಿಯೂ ನೋಡದೆ ಅವ್ವನ ಹತ್ತಿರ ಓಡಿದಳು. ಅವ್ವ ಬಂಡೆಯ ನೆರಳಲ್ಲಿ ಕುಳಿತಿದ್ದಳು. ಮಡಿಲು ಖಾಲಿ ಇತ್ತು.

ಮಾಳಿ ಅದರಲ್ಲಿ ಕುಳಿತುಕೊಳ್ಳಲು ನೋಡಿದಳು. ಹಿಡಿಯಲಿಲ್ಲ. ಕಾಲು ಹೊರಗೆ, ಸೊಂಟ ಹೊರಗೆ. ಅವ್ವ ಕುಯ್ಯೋ ಎಂದಳು.

"ತಲೆ ಮಾತ್ರ ಇಡೇ, ಎಮ್ಮೆ!"

ಮಾಳಿ ತಲೆ ಇಟ್ಟಳು. ತೊಡೆಯ ಎಲುಬು ಕಿವಿಗೆ ಒತ್ತಿತು. ಅವ್ವನ ಕೈ ಅವಳ ಕೂದಲೊಳಗೆ ಬಂತು.

"ಅವ್ವಾ, ಒಂದು ಹೇಳುತ್ತೇನೆ, ಬೈಯಬೇಡ. ಬೊಮ್ಮನನ್ನು ಹೊರಗೆ ಕರೆದವಳು ನಾನೇ."

"ಗೊತ್ತು."

"ಹೇಗೆ?"

"ಹೊಟ್ಟೆ ಯಾರದು? ಅಷ್ಟು ದೊಡ್ಡದಾಗಿ ಕೂಗಿದ್ದು ನನಗೆ ಕೇಳಿಸಲಿಲ್ಲ ಅಂದುಕೊಂಡೆಯಾ?"

"ಮತ್ತೆ ಯಾಕೆ ಬೈಯಲಿಲ್ಲ?"

"ಎಣ್ಣೆ ಒತ್ತುತ್ತಿದ್ದೆಯಲ್ಲ. ಬೈದರೆ ನಿಲ್ಲಿಸಿಬಿಡುತ್ತಿದ್ದೆ," ಎಂದಳು ಅವ್ವ.

ಮತ್ತೆ ಮಳೆಗಾಲಗಳು ಹೋದವು. ಅವ್ವನ ಕೂದಲು ಬೆಳ್ಳಗಾಗಿ ಉದುರಿತು. ಹಲ್ಲು ಒಂದೊಂದೇ ಬಿದ್ದವು. ಬೆನ್ನು ಬಾಗಿತು. ನಡೆಯಲು ಮಾಳಿಯ ಬೆರಳು ಬೇಕಾಯಿತು. ಒಂದು ದಿನ ಅವ್ವ ಹುಣಸೆ ಕೇಳಿದಳು. ಮಾಳಿ ಹಣ್ಣನ್ನು ಕಿವುಚಿ, ನಾರು ತೆಗೆದು, ಬೆರಳಿನಿಂದ ನೆಕ್ಕಿಸಿದಳು. ಅವ್ವ ಕಣ್ಣು ಕಿರಿದು ಮಾಡಿ ಚಪ್ಪರಿಸಿದಳು. ಆಮೇಲೆ ಮಾಳಿಯ ಮಡಿಲಲ್ಲಿ ತಲೆಯಿಟ್ಟು ನಿದ್ದೆ ಹೋದಳು.

ನರೆತ ಗಡ್ಡದ ಬೊಮ್ಮ ಬಂದು ನಿಂತ. ನೋಡಿದ.

"ಅಕ್ಕಾ, ಸ್ವಲ್ಪ ಸರಿ. ಅವ್ವನನ್ನು ನನಗೂ ಕೊಡು."

"ನಿನಗೆ ಇಪ್ಪತ್ತೈದು ವರ್ಷ ಸಿಕ್ಕಿತ್ತು. ಹೋಗೋ."

ಬೊಮ್ಮನಿಗೆ ಹೊಟ್ಟೆಯುರಿಯಿತು. ಹೋಗಲಿಲ್ಲ, ಅಲ್ಲೇ ಕುಳಿತ.

ಮಾಳಿ ಅವ್ವನ ಮೈಯನ್ನು ಬೆರಳಿನಿಂದ ಒತ್ತಿ ಎಣಿಸತೊಡಗಿದಳು. ಮೈ ಕುಗ್ಗಿತ್ತು, ಎತ್ತರ ಇಳಿದಿತ್ತು. ಎಲುಬು ಒಂದೂ ಕಡಿಮೆಯಾಗಿರಲಿಲ್ಲ.

ಅದಕ್ಕೇ ಇಂದಿಗೂ ಕೂಸು ಹಲ್ಲಿಲ್ಲದೆ, ಕತ್ತು ನಿಲ್ಲದೆ, ಅವಸರದಲ್ಲಿ ಬಂದುಬಿಡುತ್ತದೆ. ನೆತ್ತಿಗೆ ಎಣ್ಣೆ ಒತ್ತುವಾಗ ನೀವು ಪಕ್ಕದಲ್ಲಿ ಕುಳಿತರೆ, ಪುಕ್ ಪುಕ್ ಎಂದು ಮಿಡಿಯುವುದು ಕಾಣುತ್ತದೆ. ಆ ಕೂಸಿನ ಮೈಯಲ್ಲಿ ಸುಮಾರು ಮುನ್ನೂರು ಎಲುಬು. ಅದನ್ನು ಎತ್ತಿಕೊಂಡ ಅಜ್ಜಿಯಲ್ಲಿ ಇನ್ನೂರ ಆರು.