ಸೋಸದ ಸಾರು

"ಸಂಶಯ ಪೂರ್ತಿ ತೀರಿದ ಮೇಲೆ ತಾನೇ ಮನಸ್ಸಿಗೆ ನೆಮ್ಮದಿ? ಹಾಗಾದರೆ ಅದನ್ನು ಪೂರ್ತಿ ತೀರಿಸಿಕೊಳ್ಳುವುದು ಹೇಗೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಪೂರ್ತಿಯೇ ತೀರಬೇಕೋ?" ಎಂದು ಗುರುಗಳು ನಕ್ಕರು. "ಹಾಗಾದರೆ ಒಬ್ಬ ಗೃಹಿಣಿಯ ಕತೆ ಕೇಳು. ಹೆಸರು ಹೇಳುವುದಿಲ್ಲ. ಅವಳ ಮೊಮ್ಮಕ್ಕಳು ಈ ಊರಿನಲ್ಲೇ ಓಡಾಡಿಕೊಂಡಿದ್ದಾರೆ."

ಆ ಗೃಹಿಣಿಯ ಕೈರುಚಿ ಊರಿಗೆಲ್ಲ ಗೊತ್ತಿತ್ತು. ಒಂದು ದಿನ ಅವಳ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಗೋಡೆಯ ಮೇಲೆ ಹಲ್ಲಿಯೊಂದು ಹರಿದುಹೋಯಿತು. ಬೀಳಲಿಲ್ಲ, ಹರಿದುಹೋಯಿತು ಅಷ್ಟೇ. ಅಡುಗೆಗೆ ಹಲ್ಲಿ ಬಿದ್ದರೆ ವಿಷ ಎಂದು ಹೆದರದ ಮನೆ ಯಾವುದು? ಬೇರೆಯವರಾದರೆ ಪಾತ್ರೆಯೊಳಗೆ ಒಮ್ಮೆ ಇಣುಕಿ ಮುಚ್ಚಳ ಮುಚ್ಚುತ್ತಿದ್ದರು. ಅವಳೂ ಇಣುಕಿದಳು. ಏನೂ ಕಾಣಲಿಲ್ಲ. ಆದರೆ 'ತಳದಲ್ಲಿದ್ದರೆ?' ಎಂಬ ಮಾತು ತಲೆಯೊಳಗೆ ಹೊಕ್ಕಿತು. ಸೌಟು ಹಾಕಿ ಕಲಕಿದಳು. ಕರಿಬೇವಿನ ದಂಟು ಬಾಲದಂತೆ ಕಂಡಿತು. ಅಂದಿನ ಸಾರನ್ನೆಲ್ಲ ಬಚ್ಚಲಿಗೆ ಚೆಲ್ಲಿದಳು.

ಅಲ್ಲಿಂದ ಶುರುವಾಯಿತು. ಸಾರನ್ನು ಬಟ್ಟೆಯಲ್ಲಿ ಸೋಸತೊಡಗಿದಳು. ಸೋಸಿದ್ದನ್ನು ಮತ್ತೆ ಸೋಸಿದಳು. ಬೇಳೆ ಬಟ್ಟೆಯಲ್ಲಿ ಉಳಿಯಿತು, ತಟ್ಟೆಗೆ ಬಿಸಿನೀರು ಬಂತು. ಮನೆಯವರು ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದನ್ನು ರೂಢಿ ಮಾಡಿಕೊಂಡರು. ತಾನು ಮಾಡುತ್ತಿರುವುದು ಅರ್ಥವಿಲ್ಲದ್ದು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೈ ನಿಲ್ಲುತ್ತಿರಲಿಲ್ಲ. ಆ ನಾಚಿಕೆಯೇ ಅವಳನ್ನು ಅರ್ಧ ತಿಂದುಹಾಕಿತು.

ಗಂಡ ಒಳ್ಳೆಯವನು. ಅದೇ ತೊಂದರೆಯಾಯಿತು. "ಏನೂ ಬಿದ್ದಿಲ್ಲ ತಾನೇ?" ಎಂದು ಅವಳು ಕೇಳಿದಾಗಲೆಲ್ಲ "ಇಲ್ಲ ಕಣೇ" ಎನ್ನುತ್ತಿದ್ದ. ಕೆಲವು ದಿನಕ್ಕೆ ಅದು ಸಾಲದಾಯಿತು. ಆಗ ದೇವರ ದೀಪ ಮುಟ್ಟಿ ಆಣೆ ಮಾಡಿದ. ಅವಳ ಎದೆ ಹಗುರವಾಯಿತು. ಆದರೆ ಊಟ ಮುಗಿಯುವುದರೊಳಗೆ ಹೊಸ ಭಯ ಬಂತು. ಇವರು ಸರಿಯಾಗಿ ನೋಡದೆ ಆಣೆ ಮಾಡಿದ್ದರೆ? ಸುಳ್ಳು ಆಣೆಯ ಫಲ ಇವರಿಗೇ ತಟ್ಟಿದರೆ? ಈಗ ಸಾರನ್ನೂ ಕಾಯಬೇಕು, ಗಂಡನ ಪ್ರಾಣವನ್ನೂ ಕಾಯಬೇಕು. ಪಾಪ, ಅವನು ಒಂದು ಹೊರೆ ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿದ್ದ.

ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ನೆಂಟರಲ್ಲಿ ಕೆಲವರು ಮಡಿ ಅತಿಯಾಯಿತು ಎಂದರು, ಕೆಲವರು ಕೊಬ್ಬು ಎಂದರು. ಕೊನೆಗೆ ಅವಳು ಒಲೆಯ ಮುಂದೆ ಹೋಗುವುದನ್ನೇ ಬಿಟ್ಟಳು.

ಹೀಗಿರುವಾಗ ಮಗಳು ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತಿಗೆ ಮೆಣಸಿನ ಸಾರನ್ನು ಅವಳ ತಾಯಿಯೇ ಮಾಡಿ ಬಡಿಸಬೇಕು. "ಅಡುಗೆಗೆ ಯಾರನ್ನಾದರೂ ಕರೆಸೋಣ ಕಣೇ. ನನ್ನ ಕೈಯಿಂದ ನಿನಗೇನಾದರೂ ಆದರೆ?" ಎಂದು ತಾಯಿ ಗೋಡೆ ನೋಡಿಕೊಂಡು ಹೇಳಿದಳು. ಮಗಳು ತನ್ನ ತಪಾಸಣೆಗೆಂದು ಆಸ್ಪತ್ರೆಗೆ ಹೋದವಳು ತಾಯಿಯ ವಿಷಯವನ್ನೂ ಬಾಯಿಬಿಟ್ಟಳು. ಅಲ್ಲಿಯವರು ಮನಸ್ಸಿನ ಕಾಯಿಲೆ ನೋಡುವ ವೈದ್ಯೆಯೊಬ್ಬರ ಬಳಿಗೆ ತಾಯಿಯನ್ನು ಕರೆದೊಯ್ಯಲು ಹೇಳಿದರು.

ವೈದ್ಯೆ ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ. "ಇದಕ್ಕೆ ಗೀಳು ಕಾಯಿಲೆ ಅಂತಾರೆ. ನಿಮ್ಮೊಬ್ಬರಿಗೇ ಬಂದದ್ದಲ್ಲ, ನೀವಾಗಿ ತಂದುಕೊಂಡದ್ದೂ ಅಲ್ಲ" ಎಂದರು. ಅಷ್ಟಕ್ಕೇ ಗೃಹಿಣಿ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡ ಮೇಲೆ ಕೇಳಿದಳು: "ಹಾಗಾದ್ರೆ ನಮ್ಮ ಸಾರಿಗೆ ಏನೂ ಬಿದ್ದಿರಲ್ಲ ಅಂತ ನೀವಾದರೂ ಹೇಳಿ, ಡಾಕ್ಟ್ರೇ."

"ಅದೊಂದನ್ನು ಮಾತ್ರ ಹೇಳಲ್ಲಮ್ಮ. ಇವತ್ತು ಹೇಳಿದ್ರೆ ನಾಳೆ ಮತ್ತೆ ಕೇಳ್ತೀರಿ. ತುರಿಕೆ ಕೆರೆದಷ್ಟೂ ಜಾಸ್ತಿ ಆಗುತ್ತಲ್ಲ, ಇದೂ ಹಾಗೇ. ಎಲ್ಲರೂ ನೋಡೋ ಹಾಗೆ ಒಂದು ಸಲ ನೋಡಿ ಮುಚ್ಚಿಡಿ. ಸೋಸಬೇಡಿ, ಯಾರನ್ನೂ ಕೇಳಬೇಡಿ. ಭಯ ಬರುತ್ತೆ. ಬಂದು ಕೂತಿರಲಿ. ನೀವೇನೂ ಮಾಡದೇ ಇದ್ದರೂ ಅದು ಇಳಿಯುತ್ತೆ."

ಗುಳಿಗೆಯನ್ನೂ ಬರೆದುಕೊಟ್ಟರು. ಗಂಡನನ್ನು ಕರೆದು, ಇನ್ನು ಮೇಲೆ ಆ ಪ್ರಶ್ನೆಗೆ ಉತ್ತರ ಕೊಡಕೂಡದು, ಆಣೆಯಂತೂ ಬೇಡವೇ ಬೇಡ ಎಂದರು. ಹೆಂಡತಿ ಕಂಗಾಲಾಗಿ ಕೇಳುವಾಗ ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ದೊಡ್ಡ ಶಿಕ್ಷೆಯಾಯಿತು.

ಸುಲಭದ್ದರಿಂದ ಆರಂಭಿಸಿ ಎಂದು ವೈದ್ಯೆ ಹೇಳಿದ್ದರು. ಅವಳು ಮಜ್ಜಿಗೆಯಿಂದ ಆರಂಭಿಸಿದಳು. ಸೋಸದ ಮಜ್ಜಿಗೆಯನ್ನು ಗಂಡನಿಗೆ ಕೊಟ್ಟು ಎದುರಿಗೆ ಕುಳಿತಳು. ಮೈ ಬೆವರಿತು. 'ಇವರನ್ನು ಕೊಂದೆ' ಎಂದು ತಲೆಯೊಳಗೆ ಕೂಗು ಎದ್ದಿತು. ಅವಳು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಕೂಗು ತಗ್ಗಿತು. ಮರುದಿನ ಮತ್ತೆ ಎದ್ದಿತು, ಅವಳೂ ಮತ್ತೆ ಕುಳಿತಳು. ಆಮೇಲೆ ತಿಳಿಸಾರು, ಆಮೇಲೆ ಹುಳಿ. ನಡುವೆ ಸೋತು ಬಟ್ಟೆ ಹಿಡಿದು ಸೋಸಿದ ದಿನಗಳೂ ಇದ್ದವು. ಅಂಥ ದಿನದ ಮರುದಿನವೂ ಒಲೆ ಹಚ್ಚಿದಳು.

ಇಲ್ಲಿ ಗುರುಗಳು ಸ್ವಲ್ಪ ತಡೆದರು. "ಹೆದರಿಕೆಯೇ ಇಲ್ಲದವನು ಹಾವು ಹಿಡಿದರೆ ಅದೇನು ಹೆಚ್ಚುಗಾರಿಕೆ? ಇವಳು ಗಡಗಡ ನಡುಗುತ್ತಲೇ ಸೌಟು ಹಿಡಿದಳು. ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ" ಎಂದು ಹೇಳಿ ಮುಂದುವರಿಸಿದರು.

ಮಗಳಿಗೆ ಹೆಣ್ಣುಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ತಾಯಿ ಮೆಣಸು ಹುರಿದು, ಪುಡಿ ಮಾಡಿ, ಸಾರು ಮಾಡಿದಳು. ಕರಿಕರಿಯ ಚೂರುಗಳು ತೇಲುವ ಸಾರು. ಇಲ್ಲದ್ದನ್ನು ಕಾಣುವ ಕಣ್ಣಿಗೆ ಅದಕ್ಕಿಂತ ಭಯಂಕರವಾದದ್ದು ಇಲ್ಲ. ಒಂದು ಸಲ ನೋಡಿದಳು. ಮುಚ್ಚಿದಳು. ತಂದು ಮಗಳ ಮುಂದಿಟ್ಟಳು. ಸೌಟು ಪಾತ್ರೆಯ ಅಂಚಿಗೆ ತಾಕಿ ಟಕಟಕ ಸದ್ದಾಯಿತು. ತಾನು ಬಡಿಸುವುದನ್ನು ಮಗಳು ಉಣ್ಣುತ್ತಾಳೆ, ಅದೇ ಹಾಲಾಗಿ ಕೂಸಿಗೆ ಹೋಗುತ್ತದೆ ಎಂದು ನೆನೆದು ಅವಳು ಸೌಟನ್ನು ಅಲ್ಲೇ ತಡೆದಳು. ಪಕ್ಕದಲ್ಲಿ ಉಣ್ಣುತ್ತಿದ್ದ ಗಂಡ 'ಏನೂ ಇಲ್ಲ ಕಣೇ' ಎನ್ನಲು ಬಾಯಿ ತೆರೆದವನು, ವೈದ್ಯೆಯ ಮಾತು ನೆನಪಾಗಿ ಆ ಬಾಯಿಗೆ ತುತ್ತು ತುರುಕಿಕೊಂಡ.

"ಹಾಕಮ್ಮ, ಹಸಿವಾಗ್ತಿದೆ" ಎಂದಳು ಮಗಳು.

ಹಾಕಿದಳು. ಮಗಳು ಕಲಸಿಕೊಂಡು ಉಂಡಳು. ಇನ್ನೊಂದು ಸೌಟು ಕೇಳಿದಳು. ಅದನ್ನೂ ಹಾಕಿದಳು. ಭಯ ಹೋಗಿರಲಿಲ್ಲ, ಪಕ್ಕದಲ್ಲೇ ಕುಳಿತಿತ್ತು. ಅವಳು ಅದನ್ನು ಮಾತಾಡಿಸಲಿಲ್ಲ. ಮಗಳು ಕೈ ತೊಳೆಯುವ ಹೊತ್ತಿಗೆ ತಾಯಿಗೂ ಹಸಿವಾಯಿತು. ಅದೇ ಸಾರನ್ನು ಬಡಿಸಿಕೊಂಡು ಹೊಟ್ಟೆತುಂಬ ಉಂಡಳು.

ಶಿಷ್ಯನ ಕಣ್ಣು ಒದ್ದೆಯಾಗಿತ್ತು. "ದೊಡ್ಡ ತಾಯಿ" ಎಂದ. ಆಮೇಲೆ ತಡೆಯಲಾರದೆ ಕೇಳಿದ: "ಆದರೆ ಗುರುಗಳೇ, ಆ ಮೆಣಸಿನ ಸಾರಿಗೆ ನಿಜವಾಗಿಯೂ ಏನೂ ಬಿದ್ದಿರಲಿಲ್ಲ ತಾನೇ?"

"ಅವಳು ಇದನ್ನು ಕೇಳದೆಯೇ ಬಡಿಸಿದಳಪ್ಪ" ಎಂದರು ಗುರುಗಳು.