ಗೊಜ್ಜು ತಿಂದವರ ಪಂಕ್ತಿ

ಧಾರೆಯ ದಿನ ಬೆಳಿಗ್ಗೆ ಮದುಮಗನ ಸೋದರಮಾವ ಸೀತಾಪತಯ್ಯ ಛತ್ರದ ನಡುವೆ ನಿಂತು ಗುಡುಗಿದ.

"ನಿನ್ನೆ ಉಂಡವರಲ್ಲಿ ಹನ್ನೆರಡು ಜನಕ್ಕೆ ಹೊಟ್ಟೆ ಕೆಟ್ಟಿದೆ. ಅವರಲ್ಲಿ ಒಂಬತ್ತು ಜನ ಅನಾನಸ್ ಗೊಜ್ಜು ತಿಂದವರು! ಅಡುಗೆಭಟ್ಟ ಎಲ್ಲರೆದುರು ನನ್ನ ಕಾಲಿಗೆ ಬೀಳಲಿ. ಇಲ್ಲದಿದ್ದರೆ ದಿಬ್ಬಣ ವಾಪಸ್!"

ವಾಲಗ ನಿಂತಿತು. ಹುಡುಗಿಯ ಅಪ್ಪ ಕೈಮುಗಿದು ಮುಂದೆ ಬಂದರು. ಅಡುಗೆಭಟ್ಟ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಬಂದ.

"ಬೀಳ್ತೀನಿ ಸ್ವಾಮಿ. ಮೊದಲು ಎಲ್ಲರೂ ಪಂಕ್ತಿಗೆ ಕೂರಲಿ. ಗೊಜ್ಜು ತಿಂದವರು ಎಡಕ್ಕೆ, ತಿನ್ನದವರು ಬಲಕ್ಕೆ."

ಎಡಕ್ಕೆ ತೊಂಬತ್ತು ಜನ ಕೂತರು. ಬಲಕ್ಕೆ ನಾಲ್ಕೇ ಜನ: ಸೀತಾಪತಯ್ಯ, ಅವನ ಮೂವರು ಭಾವಮೈದುನರು. ಹೆಣ್ಣಿನ ಕಡೆಯ ಗೊಜ್ಜು ತಮ್ಮ ಅಂತಸ್ತಿಗೆ ಸಾಲದೆಂದು, ಊರಿಂದ ಬಿಸಿಲಲ್ಲಿ ಹೊತ್ತು ತಂದ ಹಾಲುಖೋವಾವನ್ನು ತಾವಷ್ಟೇ ತಿಂದಿದ್ದರು.

"ಈಗ ಹೊಟ್ಟೆ ಕೆಟ್ಟವರು ಎದ್ದು ನಿಲ್ಲಿ."

ಎಡಗಡೆ ಒಂಬತ್ತು ಜನ ಎದ್ದರು. ಬಲಗಡೆ ಮೂವರು ಭಾವಮೈದುನರೂ ಎದ್ದರು.

"ಗೊಜ್ಜು ತಿಂದವರಲ್ಲಿ ಹತ್ತಕ್ಕೆ ಒಬ್ಬರಿಗೆ ಕೆಟ್ಟಿದೆ," ಎಂದ ಅಡುಗೆಭಟ್ಟ. "ಹೋಳಿಗೆಯನ್ನು ಮಿತಿ ಇಲ್ಲದೆ ಇಳಿಸಿದವರು ಅಷ್ಟು ಜನ ಎಲ್ಲ ಮದುವೆಯಲ್ಲೂ ಇರ್ತಾರೆ. ಗೊಜ್ಜು ಮುಟ್ಟದ ನಾಲ್ವರಲ್ಲಿ ಮೂವರಿಗೆ ಕೆಟ್ಟಿದೆ. ತಪ್ಪು ಗೊಜ್ಜಿನದೋ, ಖೋವಾದ್ದೋ? ಈಗ ಹೇಳಿ ಸ್ವಾಮಿ, ಯಾರು ಯಾರ ಕಾಲಿಗೆ ಬೀಳಬೇಕು?"

ಸೀತಾಪತಯ್ಯ ಬಾಯಿ ತೆರೆದ. ಹಣೆಯಲ್ಲಿ ಬೆವರು ಬಂತು. ಹೊಟ್ಟೆ ಹಿಡಿದು ಮೆಲ್ಲಗೆ ಎದ್ದ. ಆಮೇಲೆ ಯಾರದ್ದೋ ಚೊಂಬು ಕಿತ್ತುಕೊಂಡು ಹಿತ್ತಿಲಿಗೆ ಓಡಿದ.

ಅಡುಗೆಭಟ್ಟ ವಾಲಗದವರ ಕಡೆ ತಿರುಗಿದ.

"ನಾಲ್ಕಕ್ಕೆ ನಾಲ್ಕೂ ಆಯ್ತು. ಗಟ್ಟಿಮೇಳ!"