ಗೋಂದಿನ ಗಂಟು

“ಗುರುಗಳೇ, ಕೇಳಿದಷ್ಟೂ ನನ್ನ ಗೊಂದಲ ಹೆಚ್ಚುತ್ತಲೇ ಇದೆ. ಯಾಕೆ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಅವನು ಊರೂರು ತಿರುಗಿ, ಕಂಡ ಕಂಡ ಗುರುಗಳ ಮಾತನ್ನೆಲ್ಲ ಬರಗೆಟ್ಟವನಂತೆ ತುಂಬಿಕೊಂಡು ಬಂದಿದ್ದ. ಒಬ್ಬರು ಹಿಡಿ ಎಂದದ್ದನ್ನು ಇನ್ನೊಬ್ಬರು ಬಿಡು ಎಂದಿದ್ದರು. ಈಗ ತಲೆಯೆಲ್ಲ ಕಲಸುಮೇಲೋಗರ. ಈ ಜನ್ಮಕ್ಕೆ ತನಗೆ ವಿದ್ಯೆ ದಕ್ಕುವುದಿಲ್ಲವೆಂದು ಹೆದರಿ, ನಾಳೆ ಮನೆಗೆ ಹೊರಡಲು ಚೀಲವನ್ನೂ ಕಟ್ಟಿಟ್ಟಿದ್ದ.

ಗುರುಗಳು ಕತೆ ಹೇಳಿದರು.

ಊರಿಗೆ ಮದ್ದು ಕೊಡುವ ಒಬ್ಬ ಪಂಡಿತನಿದ್ದ. ಅವನ ಬಳಿಗೆ ಒಬ್ಬ ಕುಂಬಾರ ಮಗಳನ್ನು ಎತ್ತಿಕೊಂಡು ಓಡಿಬಂದ. ಮಡಕೆ ಸುಡುವ ಆವಿಗೆಯ ಬೆಂಕಿಗೆ ಮಗುವಿನ ಕೈ ಬೆಂದಿತ್ತು. ಪಂಡಿತನಲ್ಲಿ ಬೇರಿನ ರಸವಿತ್ತು. ಆದರೆ ಬರಿಯ ರಸ ಗಾಯದ ಮೇಲೆ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಗೋಂದಿನ ಪುಡಿ ಬೆರೆಸಿ ಅದನ್ನು ಲೋಳೆ ಮಾಡಬೇಕು. ಮಗುವಿನ ಅಳು ಕೇಳಿ ಪಂಡಿತನಿಗೆ ಅವಸರವಾಯಿತು. ಒಂದು ಹಿಡಿ ಪುಡಿ ಸುರಿದು ಕಲಕಿದ. ಲೋಳೆಯಾಗಲಿಲ್ಲ. ಇನ್ನೊಂದು ಹಿಡಿ ಸುರಿದ. ರಸ ತೆಳ್ಳಗೇ ಇತ್ತು, ಅದರಲ್ಲಿ ಗಂಟುಗಳು ತೇಲಿದವು. ಪುಡಿಯೂ ಒಳ್ಳೆಯದೇ, ರಸವೂ ಒಳ್ಳೆಯದೇ. ಎಲ್ಲಿ ತಪ್ಪಿತೆಂದು ತಿಳಿಯದೆ ಅವನು ಕಕ್ಕಾಬಿಕ್ಕಿಯಾದ.

“ಪುಡಿ ಸಾಲದಾಯಿತೇ ಸ್ವಾಮಿ?” ಎಂದ ಕುಂಬಾರ.

“ಸಾಲದೇನು? ಡಬ್ಬಿಯೇ ಬರಿದಾಯಿತಲ್ಲಪ್ಪ!”

ಸಿಟ್ಟಿನಲ್ಲಿ ಪಂಡಿತ ಒಂದು ಗಂಟನ್ನು ಹಿಸುಕಿದ. ಮೇಲೆ ಜಾರುವ ಲೋಳೆ. ಒಳಗೆ ಡಬ್ಬಿಯಲ್ಲಿದ್ದಂತೆಯೇ ಒಣ ಪುಡಿ. ಮೊದಲು ನೆಂದ ಮೇಲ್ಪದರವೇ ರಸವನ್ನು ಒಳಗೆ ಬಿಟ್ಟಿರಲಿಲ್ಲ. ಅವನು ಗಂಟುಗಳನ್ನೆಲ್ಲ ಒಡೆದು ಒಣ ಪುಡಿಯನ್ನು ಬಿಡಿಸಿಕೊಂಡ. ರಸವನ್ನು ಸೋಸಿ, ಒಂದು ಚಿಟಿಕೆ ಉದುರಿಸಿ ಕಲಕಿ, ಸುಮ್ಮನೆ ಕೂತ. ಅದು ನೆನೆದ ಮೇಲೆ ಇನ್ನೊಂದು ಚಿಟಿಕೆ. ಕುಂಬಾರನ ಜೀವ ಬಾಯಿಗೆ ಬಂದಿತ್ತು. ಆದರೂ ಪಂಡಿತ ಅವಸರಪಡಲಿಲ್ಲ. ಕೊನೆಗೆ ಮುಲಾಮು ಗಾಯದ ಮೇಲೆ ನಿಂತಿತು. ಮಗುವಿನ ಅಳು ಇಳಿಯಿತು.

ಕತೆ ಮುಗಿಯಿತು. ಮುರಿಗೆಪ್ಪನಿಗೆ ಅರ್ಥವಾದಂತೆಯೂ ಆಯಿತು, ಆಗದಂತೆಯೂ ಆಯಿತು.

“ಹಾಗಾದರೆ ಗೋಂದು ಎಂದರೆ ಉಪದೇಶವೇ? ರಸ ಎಂದರೆ ನಾನೇ? ಇಷ್ಟು ದಿನ ಕೇಳಿದ್ದೆಲ್ಲ ವ್ಯರ್ಥವೇ? ನಾಳೆ ನಾನು ಹೊರಡಲೋ, ಇರಲೋ?” ಎಂದು ಒಂದೇ ಉಸಿರಿಗೆ ಕೇಳಿ, ಮತ್ತೊಂದು ಪ್ರಶ್ನೆಗೆ ಬಾಯಿ ತೆರೆದ.

ಗುರುಗಳು ಕೈ ಎತ್ತಿ ತಡೆದರು.

“ಒಂದು ಚಿಟಿಕೆ ಹಾಕಿದ್ದೇನೆ, ಮೊದಲು ಅದು ನೆನೆಯಲಿ.”